ರೋಗಿಯ ಮಾತು ಎಂಬ ಪ್ರಮಾಣ

ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯುವುದು ಹೇಗೆ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ದೀರ್ಘಕಾಲದ ಕಾಯಿಲೆಗಳ ಚಿಕಿತ್ಸೆಯಲ್ಲಿ ಅದು ದಿನದಿನದ ಪ್ರಶ್ನೆ. ಕಾಲು ಮುರಿದವನ ಮಾತಿಗೆ ಎಕ್ಸ್‌ರೇ ಬೆಂಬಲವಿದೆ, ಜ್ವರ ಬಂದವನ ಮಾತಿಗೆ ಥರ್ಮಾಮೀಟರಿದೆ. ವರ್ಷಗಟ್ಟಲೆ ಕಾಡುವ ಬೆನ್ನುನೋವು, ಮೈಗ್ರೇನ್, ಫೈಬ್ರೊಮಯಾಲ್ಜಿಯ, ಸೋಂಕು ಇಳಿದ ಮೇಲೂ ಬಿಡದ ನಿಶ್ಶಕ್ತಿ ಇಂಥವುಗಳಲ್ಲಿ ರಕ್ತಪರೀಕ್ಷೆ, ಸ್ಕ್ಯಾನುಗಳೆಲ್ಲ ನಾರ್ಮಲ್ ಎಂದೇ ಬರುವುದುಂಟು. ಆಗ ವೈದ್ಯರ ಮುಂದೆ ಉಳಿಯುವುದು ರೋಗಿಯ ಮಾತೊಂದೇ. ಆ ಮಾತನ್ನು ಜ್ಞಾನವೆಂದು ಎಣಿಸಬೇಕೋ, ದೂರು ಎಂದು ಬರೆದುಕೊಂಡು ಬದಿಗಿಡಬೇಕೋ ಎನ್ನುವುದರ ಮೇಲೆ ರೋಗನಿರ್ಣಯ, ಪುನಶ್ಚೇತನ, ಸರ್ಕಾರದ ನೆರವು ಎಲ್ಲವೂ ನಿಂತಿವೆ.

ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಪ್ರಮಾಣಚರ್ಚೆಯಲ್ಲಿ, ಅಂದರೆ ಸರಿಯಾದ ಜ್ಞಾನ ಯಾವ ದಾರಿಯಿಂದ ಬರುತ್ತದೆ ಎಂಬ ಚರ್ಚೆಯಲ್ಲಿ, ಎತ್ತಿಕೊಂಡಿವೆ. ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಆ ಲೆಕ್ಕದಲ್ಲಿ ಪಕ್ಕದ ಮನೆಯವನ ಹಲ್ಲುನೋವು ಬೇರೆ ಯಾರಿಗೂ ಗೊತ್ತಾಗುವ ಸಂಗತಿಯಲ್ಲ. ವೈಶೇಷಿಕರೂ ಬೌದ್ಧ ತಾರ್ಕಿಕರೂ ಮಾತಿನಿಂದ ಹುಟ್ಟುವ ಜ್ಞಾನವನ್ನು ಅನುಮಾನದೊಳಗೇ ಅಡಗಿಸಿದರು: ಹೇಳುವವನ ಮಾತು ಒಂದು ಗುರುತು, ಅದರಿಂದ ನಾವು ಊಹಿಸುತ್ತೇವೆ, ಅಷ್ಟೆ. ನೈಯಾಯಿಕರು ಒಪ್ಪಲಿಲ್ಲ. ಆಪ್ತನ ಮಾತು ತಾನೇ ಒಂದು ಪ್ರಮಾಣ, ಅದನ್ನು ಊಹೆಗೆ ಇಳಿಸಬೇಕಾಗಿಲ್ಲ ಎಂದರು. ಹಾಗಾದರೆ ಆಪ್ತನೆಂದರೆ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಉತ್ತರ ಇಂದಿನ ಆಸ್ಪತ್ರೆಗೂ ಹೊಂದುವಂಥದ್ದು. ವಿಷಯವನ್ನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ, ಈ ಲಕ್ಷಣ ಎಲ್ಲರಿಗೂ ಸಮಾನ. ಪ್ರಮಾಣವಾಗಲು ಪಾಂಡಿತ್ಯವಾಗಲಿ ಕುಲವಾಗಲಿ ಬೇಕಿಲ್ಲ. ನೋವಿನ ವಿಷಯದಲ್ಲಿ ನೇರವಾಗಿ ಕಂಡವನು ನೋಯುತ್ತಿರುವವನೇ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ವಾದ ಬೆಳೆಯಿತು. ಜ್ಞಾನವೊಂದು ಸರಿಯೆಂದು ತಾನಾಗಿಯೇ ನಿಲ್ಲುತ್ತದೆಯೋ, ಹೊರಗಿನ ಆಧಾರದಿಂದ ನಿಲ್ಲಬೇಕೋ? ಕುಮಾರಿಲ ಭಟ್ಟನ ಕಾಲದಿಂದ ಮೀಮಾಂಸಕರು ಹೇಳುತ್ತ ಬಂದದ್ದು, ಜ್ಞಾನ ಸ್ವತಃ ಪ್ರಮಾಣ, ಅಪ್ರಾಮಾಣ್ಯಕ್ಕಷ್ಟೇ ಕಾರಣ ತೋರಿಸಬೇಕು ಎಂದು. ಬಾಧಕ ಕಾಣುವವರೆಗೆ ನಂಬಿಕೆಯೇ ಸಹಜ. ಕಾರಣವಿಲ್ಲದೆ ಸಂಶಯಪಡುತ್ತ ಹೋದರೆ ಬದುಕೇ ನಡೆಯದು. ನೈಯಾಯಿಕರು ಇಲ್ಲಿ ಎದುರು ಪಕ್ಷ: ಪ್ರಾಮಾಣ್ಯವನ್ನೂ ಹೊರಗಿನಿಂದಲೇ, ಅದರ ಫಲ ನೋಡಿ ನಿಶ್ಚಯಿಸಬೇಕು. ಆಧುನಿಕ ಚಿಕಿತ್ಸಾಲಯ ತನಗೆ ಅರಿವಿಲ್ಲದೆಯೇ ಈ ಎರಡನೆಯ ಮತಕ್ಕೆ ಸೇರಿದೆ. ರೋಗಿಯ ಮಾತು ಅಲ್ಲಿ ಪರೀಕ್ಷೆಯ ವರದಿ ಬರುವವರೆಗೆ ತೂಗಾಡುತ್ತಿರುತ್ತದೆ.

ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಈ ಚರ್ಚೆಗೆ ಕೊಟ್ಟ ತಿರುವು ಇನ್ನೂ ಸೂಕ್ಷ್ಮವಾದದ್ದು. ಕಣ್ಣು ಕಿವಿಗಳೂ ಮನಸ್ಸೂ ತಪ್ಪಬಹುದು; ಆತ್ಮನ ಸ್ವರೂಪವೇ ಆದ ಸಾಕ್ಷಿ ಮಾತ್ರ ತಪ್ಪದು ಎಂಬುದು ಅವರ ಸಿದ್ಧಾಂತ. ಸುಖದುಃಖಗಳು ಸಾಕ್ಷಿಗೆ ನೇರವಾಗಿ ಗೋಚರಿಸುವ ವಿಷಯಗಳು. ಹಗ್ಗವನ್ನು ಹಾವೆಂದು ಕಂಡು ಹೆದರಿದವನಿಗೆ ಹಾವು ಸುಳ್ಳು, ಹೆದರಿಕೆ ಸುಳ್ಳಲ್ಲ. ನೋವಾಗುತ್ತಿದೆ ಎಂದು ಅನ್ನಿಸುವುದು, ನೋವಾಗದೆಯೂ ಹಾಗೆ ತಪ್ಪಾಗಿ ಅನ್ನಿಸುವುದು ಎಂದು ಎರಡು ಬಗೆ ಇಲ್ಲ. ಈ ಸಿದ್ಧಾಂತ ಎಲ್ಲಿಗೆ ನಿಲ್ಲುತ್ತದೆ ಎನ್ನುವುದನ್ನೂ ಗಮನಿಸಬೇಕು. ಸಾಕ್ಷಿ ಕಾಣುವುದು ನೋವನ್ನು, ನೋವಿನ ಕಾರಣವನ್ನಲ್ಲ. ಸಾಕ್ಷಿ ಕಂಡದ್ದು ಬಾಯಿಂದ ಹೊರಬರುವಾಗ ಸುಳ್ಳೂ ಸೇರಬಹುದು. ಹಾಗಾಗಿ ರೋಗಿಯ ಮಾತಿನ ಬಗ್ಗೆ ಸಂಶಯ ಬರುವುದಾದರೆ ಅದು ಪ್ರಾಮಾಣಿಕತೆಯ ಬಗೆಗಿನ ಸಂಶಯ. ನೋವು ಇದೆಯೋ ಇಲ್ಲವೋ ಎಂದು ಅವನಿಗಿಂತ ಚೆನ್ನಾಗಿ ಬೇರೆಯವರು ಬಲ್ಲರು ಎಂಬ ನಿಲುವಿಗೆ ಅಲ್ಲಿ ಜಾಗವಿಲ್ಲ. ಈ ಎರಡನ್ನೂ ಬೇರ್ಪಡಿಸದೆ ಹೋದದ್ದೇ ಮುಂದೆ ವೈದ್ಯಕೀಯ ಸಂಶೋಧನೆಯ ದೊಡ್ಡ ಗೊಂದಲಗಳಿಗೆ ಮೂಲವಾಯಿತು.

ವೈದ್ಯಶಾಸ್ತ್ರದೊಳಗೇ ಈ ವಿವೇಕ ಹಿಂದೆ ಇತ್ತು. ಚರಕಸಂಹಿತೆಯ ವಿಮಾನಸ್ಥಾನ ರೋಗವನ್ನು ತಿಳಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ದಾರಿಗಳನ್ನು ಹೇಳುತ್ತದೆ. ಯಾವುದನ್ನು ಕಣ್ಣಿಂದ ನೋಡಬೇಕು, ಯಾವುದನ್ನು ಮುಟ್ಟಿ ತಿಳಿಯಬೇಕು, ಯಾವುದನ್ನು ಊಹಿಸಬೇಕು ಎಂಬ ಪಟ್ಟಿಯೇ ಅಲ್ಲಿದೆ. ಕೆಲವನ್ನು ಮಾತ್ರ ರೋಗಿಯನ್ನು ಕೇಳಿಯೇ ತಿಳಿಯಬೇಕು ಎಂದು ಬೇರೆಯಾಗಿ ಹೇಳಿದೆ: ಕಂಡ ಕನಸು, ಬೇಕುಬೇಡಗಳು, ಸುಖದುಃಖ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ಪರಿಚಾರಕರ ಜೊತೆಗೆ ರೋಗಿಯೂ ಒಂದು ಪಾದ. ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿ ಅವನಿಗೆ ಇರಬೇಕಾದ ಗುಣಗಳಲ್ಲೊಂದು. ರೋಗಗಳ ವಿಂಗಡಣೆಯಲ್ಲಿ ಸಾಧ್ಯ, ಅಸಾಧ್ಯಗಳ ನಡುವೆ ಯಾಪ್ಯವೆಂಬ ವರ್ಗವೊಂದಿದೆ. ಬೇರುಸಹಿತ ಹೋಗದ, ಆದರೆ ಪಥ್ಯ ಔಷಧಗಳಿಂದ ಹಿಡಿತದಲ್ಲಿಟ್ಟುಕೊಂಡು ಬದುಕಬಹುದಾದ ಕಾಯಿಲೆ ಅದು. ಇಂದಿನ ಮಧುಮೇಹ, ಆಸ್ತಮಾ, ಸಂಧಿವಾತ ಎಲ್ಲ ಈ ವರ್ಗದವು. ಗುಣವಾಯಿತು ಅಥವಾ ಸತ್ತ ಎಂಬ ಎರಡೇ ಕೊನೆಗಳನ್ನು ಎಣಿಸುವ ವೈದ್ಯಶಾಸ್ತ್ರಕ್ಕೆ ಹೊಳೆಯದ ವರ್ಗ.

ಯುರೋಪಿನ ವೈದ್ಯಶಾಸ್ತ್ರ 19ನೆಯ ಶತಮಾನದಲ್ಲಿ ಬೇರೆ ದಾರಿ ಹಿಡಿಯಿತು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಸ್ಟೆತಾಸ್ಕೋಪು ಕಂಡುಹಿಡಿದ. 1895ರಲ್ಲಿ ರಾಂಟ್ಜೆನ್ ಎಕ್ಸ್ ಕಿರಣಗಳನ್ನು ಕಂಡ. ರೋಗಿ ಏನು ಹೇಳುತ್ತಾನೆ ಎನ್ನುವುದಕ್ಕಿಂತ ಅವನ ಎದೆ ಏನು ಹೇಳುತ್ತದೆ ಎನ್ನುವುದು ಮುಖ್ಯವಾಯಿತು. ವೈದ್ಯರು ರೋಗಿಗೆ ಕೇಳುವ ಪ್ರಶ್ನೆಯೇ ಬದಲಾಯಿತೆಂದು ಫ್ರೆಂಚ್ ಚಿಂತಕ ಮಿಶೆಲ್ ಫುಕೊ 1963ರ ತನ್ನ ಪುಸ್ತಕದಲ್ಲಿ ತೋರಿಸಿದ್ದಾನೆ: 'ನಿಮಗೆ ಏನಾಗಿದೆ' ಎಂಬುದು ಹೋಗಿ 'ಎಲ್ಲಿ ನೋಯುತ್ತದೆ' ಎಂಬುದು ಬಂತು. ಲಾಭ ಅಪಾರ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಕ್ಷಯವನ್ನೂ ಹೃದಯದ ಕವಾಟದ ದೋಷವನ್ನೂ ಬದುಕಿರುವಾಗಲೇ ಗುರುತಿಸಲು ಆಯಿತು. ಆದರೆ ಉಪಕರಣಕ್ಕೆ ಸಿಗದ ಕಾಯಿಲೆ ಕಾಯಿಲೆಯೇ ಅಲ್ಲ ಎಂಬ ಅಭ್ಯಾಸವೂ ಜೊತೆಗೆ ಬೆಳೆಯಿತು. ಅಂಥವಕ್ಕೆ 'ಹಿಸ್ಟೀರಿಯ' ಎಂಬ ಚೀಟಿ ಸಿದ್ಧವಿತ್ತು, ಅದು ಹೆಚ್ಚಾಗಿ ಅಂಟಿದ್ದು ಹೆಂಗಸರಿಗೆ.

1955ರ ಬೇಸಿಗೆಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನಡೆದದ್ದು ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿನ ಸಿಬ್ಬಂದಿಯಲ್ಲಿ 292 ಮಂದಿಗೆ ಸುಸ್ತು, ಸ್ನಾಯುನೋವು, ತಲೆಸುತ್ತು, ನರಗಳ ತೊಂದರೆ ಕಾಣಿಸಿ, ಆಸ್ಪತ್ರೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಅವರನ್ನು ಹತ್ತಿರದಿಂದ ಕಂಡ ಡಾ. ಮೆಲ್ವಿನ್ ರ‍್ಯಾಮ್ಸೆ ಇದು ಸೋಂಕಿನ ನಂತರದ ನಿಜವಾದ ಕಾಯಿಲೆ ಎಂದರು. ಮಯಾಲ್ಜಿಕ್ ಎನ್ಸೆಫಲೊಮಯಲೈಟಿಸ್, ಸಂಕ್ಷೇಪದಲ್ಲಿ ಎಂ.ಇ., ಎಂಬ ಹೆಸರು ಬಳಕೆಗೆ ಬಂತು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕೇಸ್ ದಾಖಲೆಗಳನ್ನು ತಿರುವಿಹಾಕಿ ಇದು ಸಾಮೂಹಿಕ ಹಿಸ್ಟೀರಿಯ ಎಂದು ತೀರ್ಮಾನಿಸಿದರು. ರೋಗಕ್ಕೆ ಸಿಕ್ಕವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಮುಖ್ಯ ಆಧಾರಗಳಲ್ಲೊಂದು. ಕಂಡವರ ಮಾತಿಗಿಂತ ಕಾಗದ ಓದಿದವರ ಊಹೆಗೆ ಹೆಚ್ಚು ಮನ್ನಣೆ ಸಿಕ್ಕಿತು. ವೈಶೇಷಿಕರಾಗಲಿ ನೈಯಾಯಿಕರಾಗಲಿ ಒಪ್ಪುವ ಕ್ರಮ ಇದಲ್ಲ.

ನಂಬಿಕೆಯ ಪಕ್ಷಕ್ಕೂ ಅಷ್ಟೇ ಗಟ್ಟಿಯಾದ ಒಂದು ಎಚ್ಚರಿಕೆ ಸಂಶೋಧನೆಯಿಂದಲೇ ಬಂದಿದೆ. 2011ರಲ್ಲಿ ಅಮೆರಿಕದಲ್ಲಿ ಆಸ್ತಮಾ ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನವೊಂದರಲ್ಲಿ ಅದೇ ರೋಗಿಗಳಿಗೆ ಸರದಿಯಂತೆ ನಿಜವಾದ ಇನ್ಹೇಲರ್, ಮದ್ದಿಲ್ಲದ ಇನ್ಹೇಲರ್, ತೋರಿಕೆಯ ಸೂಜಿಚಿಕಿತ್ಸೆ ಕೊಟ್ಟರು. ಒಂದು ಸರದಿಯಲ್ಲಿ ಏನೂ ಕೊಡಲಿಲ್ಲ. ಮೊದಲ ಮೂರರಲ್ಲೂ ರೋಗಿಗಳು ಹೇಳಿದ ಸುಧಾರಣೆ ಹೆಚ್ಚುಕಡಿಮೆ ಒಂದೇ, ಶೇ. 45ರಿಂದ 50, ಏನೂ ಕೊಡದಾಗ ಶೇ. 21. ಉಸಿರಿನ ಬಲವನ್ನು ಯಂತ್ರದಿಂದ ಅಳೆದಾಗ ಚಿತ್ರವೇ ಬೇರೆ: ನಿಜವಾದ ಮದ್ದಿನಿಂದ ಶೇ. 20ರಷ್ಟು ಹೆಚ್ಚಿತ್ತು, ಉಳಿದ ಮೂರರಲ್ಲೂ ಶೇ. 7ರ ಆಸುಪಾಸು. ರೋಗಿಗಳು ಸುಳ್ಳು ಹೇಳಿರಲಿಲ್ಲ. ಅವರಿಗೆ ಹಾಯೆನಿಸಿದ್ದು ನಿಜ, ಶ್ವಾಸಕೋಶ ಹಾಗೆಯೇ ಇದ್ದದ್ದೂ ನಿಜ. ಆಸ್ತಮಾದಲ್ಲಿ ಹಾಯೆನಿಸುವುದನ್ನಷ್ಟೇ ನೆಚ್ಚಿದರೆ ಪ್ರಾಣ ಹೋಗಬಹುದು. ಸಾಕ್ಷಿಯ ವ್ಯಾಪ್ತಿ ಅನುಭವದವರೆಗೆ, ಅಂಗದವರೆಗೆ ಅಲ್ಲ.

ಎಂ.ಇ. ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ 'ಪೇಸ್' ಪ್ರಯೋಗವನ್ನು ಈ ಬೆಳಕಿನಲ್ಲಿ ನೋಡಬೇಕು. 641 ಮಂದಿಯನ್ನು ನಾಲ್ಕು ಗುಂಪು ಮಾಡಲಾಯಿತು. ಎಲ್ಲರಿಗೂ ತಜ್ಞವೈದ್ಯರ ಆರೈಕೆ ಇತ್ತು. ಅದರ ಮೇಲೆ ಒಂದು ಗುಂಪಿಗೆ ಹಂತಹಂತವಾಗಿ ಏರಿಸುವ ವ್ಯಾಯಾಮ, ಇನ್ನೊಂದಕ್ಕೆ ಆಲೋಚನಾಕ್ರಮ ತಿದ್ದುವ ಮನಶ್ಚಿಕಿತ್ಸೆ, ಮತ್ತೊಂದಕ್ಕೆ ಶಕ್ತಿಯ ಮಿತಿಯೊಳಗೆ ಬದುಕುವ ಅಭ್ಯಾಸ. ರೋಗಿ ತನ್ನ ಕಾಯಿಲೆಗೆ ಹೆದರಿ ಕೂತದ್ದರಿಂದಲೇ ಕಾಯಿಲೆ ಮುಂದುವರಿಯುತ್ತಿದೆ ಎಂಬುದು ಮೊದಲೆರಡು ಚಿಕಿತ್ಸೆಗಳ ಹಿಂದಿನ ತರ್ಕ. 2011ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಈ ಎರಡೂ ಸಾಧಾರಣ ಮಟ್ಟಿಗೆ ಫಲಕಾರಿ ಎಂದಿತು. 2013ರ ಇನ್ನೊಂದು ಪ್ರಬಂಧ, ಇವುಗಳಿಂದ ಶೇ. 22ರಷ್ಟು ಮಂದಿ ಚೇತರಿಸಿಕೊಂಡರು ಎಂದಿತು.

ತಕರಾರು ಎದ್ದದ್ದು ಅಳತೆಗೋಲಿನ ಬಗ್ಗೆ. ದೈಹಿಕ ಚಟುವಟಿಕೆಯನ್ನು ಸೊನ್ನೆಯಿಂದ 100ರವರೆಗೆ ಅಂಕ ಕೊಟ್ಟು ಅಳೆಯುವ ಪ್ರಶ್ನಾವಳಿಯಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ರೋಗಿಗಳೆಂದು ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಚೇತರಿಕೆಗೆ ಮೊದಲು ಗೊತ್ತುಮಾಡಿದ್ದ 85ರ ಮಟ್ಟವನ್ನು ಆಮೇಲೆ 60ಕ್ಕೆ ಇಳಿಸಿದರು. ಅಂದರೆ 65 ಅಂಕದೊಂದಿಗೆ ರೋಗಿಯಾಗಿ ಒಳಬಂದವನು 60ಕ್ಕೆ ಕುಸಿದರೂ ಈ ಒಂದು ಅಳತೆಯಲ್ಲಿ ಚೇತರಿಸಿಕೊಂಡಂತೆಯೇ! ರೋಗಿಗಳೇ ಈ ತೊಡಕನ್ನು ಪತ್ತೆಹಚ್ಚಿ ಮಾಹಿತಿ ಹಕ್ಕಿನಡಿ ಅಂಕಿಅಂಶ ಕೇಳಿದರು. 2016ರಲ್ಲಿ ನ್ಯಾಯಮಂಡಳಿ ಅದನ್ನು ಬಿಡುಗಡೆ ಮಾಡಲು ಆದೇಶಿಸಿತು. ಮೂಲ ಮಾನದಂಡದಂತೆ ಮತ್ತೆ ಲೆಕ್ಕಹಾಕಿದಾಗ ಚೇತರಿಕೆಯಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಪ್ರಯೋಗ ನಡೆಸಿದವರು ತಮ್ಮ ನಿರ್ಣಯವನ್ನು ಸಮರ್ಥಿಸಿಕೊಳ್ಳುತ್ತಲೇ ಬಂದಿದ್ದಾರೆ.

ಅಂಕಿಅಂಶದ ಜಗಳಕ್ಕಿಂತ ದೊಡ್ಡದು ಅದರೊಳಗಿನ ತಾತ್ತ್ವಿಕ ವಿಪರ್ಯಾಸ. ವ್ಯಾಯಾಮ ಮಾಡಿದ ಮರುದಿನ, ಕೆಲವೊಮ್ಮೆ ಎರಡು ದಿನ ಕಳೆದು, ಮೈ ಮೊದಲಿಗಿಂತ ಹಣ್ಣಾಗುತ್ತದೆ ಎಂದು ರೋಗಿಗಳು ದಶಕಗಳಿಂದ ಹೇಳುತ್ತಿದ್ದರು. ಆ ಮಾತು ಕಾಯಿಲೆಯ ಭಯವೆಂದು, ತಪ್ಪು ನಂಬಿಕೆಯೆಂದು ಗಣನೆಗೆ ಬಂತು. ಆದರೆ ಚಿಕಿತ್ಸೆ ಫಲಿಸಿತು ಎನ್ನಲು ಸಂಶೋಧಕರು ಮುಖ್ಯವಾಗಿ ನೆಚ್ಚಿದ್ದು ಅದೇ ರೋಗಿಗಳು ಪ್ರಶ್ನಾವಳಿಯಲ್ಲಿ ಕೊಟ್ಟ ಉತ್ತರಗಳನ್ನು. ಯಾವ ಚಿಕಿತ್ಸೆ ಸಿಗುತ್ತಿದೆಯೆಂದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಿದ್ದ ಪ್ರಯೋಗ ಅದು. ಅಲ್ಲಿಯ ಉತ್ತರಗಳಿಗೆ ನಿರೀಕ್ಷೆಯ ಬಣ್ಣ ಹತ್ತಿರುವ ಸಂಭವ ಹೆಚ್ಚು ಎಂಬುದನ್ನು ಆಸ್ತಮಾದ ಅಧ್ಯಯನವೇ ತೋರಿಸಿದೆ. ರೋಗಿಯ ಮಾತು ಬೇಡದ ಕಡೆ ಭ್ರಮೆ, ಬೇಕಾದ ಕಡೆ ಪ್ರಮಾಣ ಎಂದಾಯಿತು. ಪ್ರಮಾಣವನ್ನು ಹೀಗೆ ಅನುಕೂಲಕ್ಕೆ ತಕ್ಕಂತೆ ಎತ್ತಿ ಇಳಿಸಿದ್ದೇ ಪೇಸ್‌ನ ಮುಖ್ಯ ದೋಷ. ಶ್ರಮದ ನಂತರದ ಆ ಕುಸಿತವನ್ನೇ ಈ ಕಾಯಿಲೆಯ ಪ್ರಧಾನ ಲಕ್ಷಣಗಳಲ್ಲೊಂದೆಂದು 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ ಎತ್ತಿಹಿಡಿಯಿತು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ಏರಿಸುತ್ತ ಹೋಗುವ ವ್ಯಾಯಾಮವನ್ನು ಚಿಕಿತ್ಸೆಯಾಗಿ ಕೊಡಕೂಡದೆಂದು ಮಾರ್ಗಸೂಚಿ ತಿದ್ದಿತು. ರೋಗಿಗಳ ಮಾತಿಗೆ ಆದ ಈ ಅವಗಣನೆಗೆ ತತ್ತ್ವಶಾಸ್ತ್ರದಲ್ಲೂ ವಿವರಣೆ ಇದೆ: ಬ್ರಿಟಿಷ್ ತತ್ತ್ವಜ್ಞೆ ಮಿರಾಂಡ ಫ್ರಿಕರ್ 2007ರಲ್ಲಿ ಬರೆದ, ಮಾತಾಡುವವರು ಯಾರೆಂದು ನೋಡಿ ಮಾತಿನ ಬೆಲೆ ಇಳಿಸುವ ಅನ್ಯಾಯದ ಸಿದ್ಧಾಂತವನ್ನು ತತ್ತ್ವಜ್ಞರಾದ ಹವಿ ಕ್ಯಾರೆಲ್ ಮತ್ತು ಇಯನ್ ಕಿಡ್ ಆಸ್ಪತ್ರೆಗೆ ಅನ್ವಯಿಸಿದರು. ಕ್ಯಾರೆಲ್ ತಾವೇ ಅಪರೂಪದ ಶ್ವಾಸಕೋಶದ ಕಾಯಿಲೆ ಹೊತ್ತು ಬದುಕುತ್ತಿರುವವರು.

ಮನಸ್ಸಿನಿಂದ ಬಂದದ್ದು ಎನ್ನುವ ವಿವರಣೆಗೂ ಪ್ರಾರಬ್ಧ ಎನ್ನುವ ವಿವರಣೆಗೂ ಇರುವ ನೆಂಟಸ್ತಿಕೆಯನ್ನು ಇಲ್ಲಿ ಹೇಳಲೇಬೇಕು. ಪಡೆದುಕೊಂಡು ಬಂದದ್ದು, ಅನುಭವಿಸಿಯೇ ತೀರಬೇಕು ಎನ್ನುವ ಬಂಧುಗಳೂ, ಟೆಸ್ಟೆಲ್ಲ ಸರಿಯಾಗಿವೆ, ಯೋಚನೆ ಬಿಡಿ ಎನ್ನುವ ವೈದ್ಯರೂ ಕಾರಣವನ್ನು ತಂದು ನಿಲ್ಲಿಸುವುದು ರೋಗಿಯ ಮನೆ ಬಾಗಿಲಿಗೇ. ಧರ್ಮಗ್ರಂಥಗಳೇ ಇಷ್ಟು ಸರಳವಾಗಿ ಮಾತಾಡಿಲ್ಲ. ಪಾಲಿ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಎಲ್ಲ ವೇದನೆಯೂ ಹಿಂದಿನ ಕರ್ಮದಿಂದಲೇ ಎನ್ನುವವರ ಮಾತು ಸರಿಯೇ ಎಂದು ಕೇಳುತ್ತಾನೆ. ಬುದ್ಧ ಪಿತ್ತ, ಕಫ, ವಾತ, ಅವುಗಳ ಕೂಟ, ಋತುವಿನ ಬದಲಾವಣೆ, ಅಸಡ್ಡೆ, ಪೆಟ್ಟು ಎಂದು ಏಳು ಕಾರಣ ಎಣಿಸಿ ಕರ್ಮವನ್ನು ಎಂಟನೆಯದಾಗಿ ಇಡುತ್ತಾನೆ. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾನೆ. ಚರಕಸಂಹಿತೆ ಕರ್ಮಜ ರೋಗಗಳನ್ನು ಒಪ್ಪುತ್ತದೆ. ಆದರೂ ಆಯುಸ್ಸು ದೈವ, ಪುರುಷಕಾರ (ಮನುಷ್ಯಪ್ರಯತ್ನ) ಎರಡರ ಮೇಲೂ ನಿಂತಿದೆ, ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂದು ಅಲ್ಲಿ ಗುರು ಆತ್ರೇಯ ಶಿಷ್ಯ ಅಗ್ನಿವೇಶನಿಗೆ ವಿವರಿಸುತ್ತಾನೆ. ಯಹೂದ್ಯರ ಯೋಬನ ಕಥೆಯಲ್ಲಿ ಅವನ ಬೇನೆಗೆ ಅವನ ಪಾಪವೇ ಕಾರಣವೆಂದ ಗೆಳೆಯರನ್ನು ಕೊನೆಗೆ ಗದರುವವನು ದೇವರೇ.

ಹಾಗೆಂದು ಮನಸ್ಸಿಗೆ ಪಾತ್ರವೇ ಇಲ್ಲವೆನ್ನಲಾಗದು. ಸಂಯುತ್ತ ನಿಕಾಯದ್ದೇ ಇನ್ನೊಂದು ಸುತ್ತ ಎರಡು ಬಾಣಗಳ ಮಾತಾಡುತ್ತದೆ: ಮೊದಲನೆಯದು ಮೈಯ ನೋವು, ಎರಡನೆಯದು ಅದರ ಬಗೆಗಿನ ತಳಮಳ. ತಿಳಿದವನಿಗೆ ಒಂದೇ ಬಾಣ ತಾಗುತ್ತದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ ಬೌದ್ಧ ಧ್ಯಾನವನ್ನು ಆಧರಿಸಿ ಆರಂಭಿಸಿದ ಕಾರ್ಯಕ್ರಮ ನಿಂತಿರುವುದು ಈ ಬಗೆಯ ವಿವೇಕದ ಮೇಲೆ. ನೋವಿನ ಚಿಕಿತ್ಸಾಲಯಗಳಲ್ಲಿ ಅಂಥ ಅಭ್ಯಾಸ ಇಂದು ಸಾಮಾನ್ಯ. ಎರಡನೆಯ ಬಾಣವನ್ನು ಕೀಳುವುದು ಉಪಕಾರ. ಮೊದಲ ಬಾಣವೇ ಇಲ್ಲ ಎನ್ನುವುದು ಅಪಚಾರ. ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯೂ ಇದೇ ಗೆರೆ ಎಳೆದಿದೆ: ಮನಶ್ಚಿಕಿತ್ಸೆಯನ್ನು ಎಂ.ಇ. ರೋಗಿಗಳಿಗೆ ಬದುಕು ಸಹ್ಯವಾಗಲೆಂದು ಕೊಡಬಹುದು, ಕಾಯಿಲೆ ಗುಣಪಡಿಸುವ ಮದ್ದೆಂದು ಅಲ್ಲ.

ಪುನಶ್ಚೇತನದ ಕೆಲಸದಲ್ಲಿ ರೋಗಿಯ ಮಾತಿಗೆ ಇನ್ನೊಂದು ಅಧಿಕಾರವೂ ಇದೆ. ಏನು ಸಾಧ್ಯ ಎಂದು ಫಿಸಿಯೋಥೆರಪಿಸ್ಟ್ ಹೇಳಬಲ್ಲರು; ಯಾವುದು ಬೇಕು ಎಂದು ಹೇಳುವವನು ರೋಗಿ. ಒಬ್ಬರಿಗೆ ಮೆಟ್ಟಿಲು ಹತ್ತುವುದು ಮುಖ್ಯ, ಇನ್ನೊಬ್ಬರಿಗೆ ನೆಲದ ಮೇಲೆ ಕೂತು ಪೂಜೆ ಮಾಡುವುದು, ಮತ್ತೊಬ್ಬರಿಗೆ ಮೊಮ್ಮಗುವನ್ನು ಎತ್ತಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಕಾರ್ಯಕ್ಷಮತೆ, ವೈಕಲ್ಯಗಳ ವರ್ಗೀಕರಣ ಅಂಗದ ಊನವನ್ನಷ್ಟೇ ನೋಡದೆ ಚಟುವಟಿಕೆ, ಪಾಲ್ಗೊಳ್ಳುವಿಕೆ, ಸುತ್ತಲಿನ ಪರಿಸರಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಇದಕ್ಕೇ. ರೋಗನಿರ್ಣಯದಲ್ಲೂ ಗಾಳಿ ಇತ್ತ ತಿರುಗಿದೆ. 1990ರಲ್ಲಿ ಫೈಬ್ರೊಮಯಾಲ್ಜಿಯ ಎನ್ನಲು ಮೈಮೇಲಿನ 18 ಜಾಗಗಳಲ್ಲಿ 11 ಒತ್ತಿದರೆ ನೋಯಬೇಕಿತ್ತು; 2010ರ ಅಮೆರಿಕದ ಮಾನದಂಡ ಒತ್ತುವುದನ್ನು ಬಿಟ್ಟು, ಎಲ್ಲೆಲ್ಲಿ ನೋವು, ಎಷ್ಟು ಸುಸ್ತು, ನಿದ್ದೆ ಹೇಗೆ ಎಂದು ಕೇಳುವುದಕ್ಕೆ ಬಂತು. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಟಿಪ್ಪಣಿಯಲ್ಲಿ ಸೇರಿಸಿತು.

ನೆರವಿನ ಮಾತು ಬಂದಾಗ ಸುಳ್ಳಿನ ಭಯ ಎದುರಾಗುತ್ತದೆ. ಪಿಂಚಣಿ, ರಜೆ, ಮೀಸಲಾತಿ ಕೊಡುವ ಸರ್ಕಾರ ಎಲ್ಲರ ಮಾತನ್ನೂ ಹಾಗೆಯೇ ನಂಬಲಾರದು. ವಾತ್ಸ್ಯಾಯನನ ಲಕ್ಷಣದ ಎರಡನೆಯ ಭಾಗ, ಕಂಡಂತೆ ತಿಳಿಸುವ ಇಚ್ಛೆ, ಇಲ್ಲಿ ಪರೀಕ್ಷೆಗೆ ಒಳಗಾಗುವುದು ನ್ಯಾಯವೇ. ಆದರೆ ಆ ಪರೀಕ್ಷೆ ಅಳೆಯಲಾಗುವ ಕಾಯಿಲೆಗಳಿಗೆ ಮಾತ್ರ ಬಾಗಿಲು ತೆರೆಯುವ ಹಾಗಿದ್ದರೆ, ಸುಳ್ಳುಗಾರನ ಜೊತೆಗೆ ನಿಜ ಹೇಳುವವನೂ ಹೊರಗುಳಿಯುತ್ತಾನೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿನ ಕಾಯ್ದೆಯ 7 ವರ್ಗಗಳನ್ನು 21ಕ್ಕೆ ಏರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಹಿಮೋಫೀಲಿಯ, ಥಲಸ್ಸೇಮಿಯ, ಸಿಕಲ್ ಸೆಲ್ ಕಾಯಿಲೆಗಳು ಪಟ್ಟಿಗೆ ಬಂದದ್ದು ದೀರ್ಘಕಾಲದ ರೋಗಿಗಳಿಗೆ ದೊಡ್ಡ ಗೆಲುವು. ಮುಖ್ಯ ಸವಲತ್ತುಗಳಿಗೆ ವೈದ್ಯರ ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ನಮೂದಾಗಿರಬೇಕು. ಆ 21ರಲ್ಲಿ ದೀರ್ಘಕಾಲದ ನೋವಿಗಾಗಲಿ, ದೀರ್ಘಕಾಲದ ಆಯಾಸಕ್ಕಾಗಲಿ ಪ್ರತ್ಯೇಕ ವರ್ಗವಿಲ್ಲ.